ಕೆಂಪು ಗಾರೆ ನೆಲದ ರೂಮಿಗೆ ಕ್ರೀಂ ಬಣ್ಣವೋ, ಗ್ರೇ ಬಣ್ಣವೋ?

ಶೇಡ್ ಕಾರ್ಡಿನಲ್ಲಿ ಎರಡೂ ಚೆನ್ನಾಗಿಯೇ ಇರುತ್ತವೆ. ಗೋಡೆಗೆ ಬಂದ ಮೇಲೆ ವರಸೆ ಬದಲಾಗುತ್ತದೆ. ತಿಳಿ ಗ್ರೇ ಎಂದು ಆರಿಸಿದ್ದು ಸಂಜೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಆಸ್ಪತ್ರೆ ವಾರ್ಡಿನ ನೀಲಿಯಾಗುತ್ತದೆ. ಕ್ರೀಂ ಎಂದು ಆರಿಸಿದ್ದು ನಾಲ್ಕನೇ ಗೋಡೆ ಮುಗಿಯುವ ಹೊತ್ತಿಗೆ ಗಿಣ್ಣಿನ ಹಳದಿಗೆ ತಿರುಗಿರುತ್ತದೆ. ಆಗ ಎಲ್ಲರೂ ಬೈಯುವುದು ಪೇಂಟರನ್ನು, ಇಲ್ಲವೇ ಅಂಗಡಿಯ ಮಿಕ್ಸಿಂಗ್ ಮಷೀನನ್ನು. ಬಹಳಷ್ಟು ಸಲ ಇಬ್ಬರದೂ ತಪ್ಪಿರುವುದಿಲ್ಲ. ಡಬ್ಬಿಯಲ್ಲಿ ಬಂದದ್ದು ಕಾರ್ಡಿನಲ್ಲಿದ್ದ ಬಣ್ಣವೇ. ಅಂಗಡಿಯ ಬೆಳಕು ಮನೆಯಲ್ಲಿಲ್ಲ, ಮನೆಯ ನೆಲ ಅಂಗಡಿಯಲ್ಲಿರಲಿಲ್ಲ, ಅಷ್ಟೇ.

ಸುಮ್ಮನೆ ‘ಯಾವ ಬಣ್ಣ ಒಳ್ಳೆಯದು’ ಎಂದು ಮಾತಾಡಿದರೆ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಒಂದು ರೂಮನ್ನೇ ಎದುರಿಗಿಟ್ಟುಕೊಳ್ಳೋಣ. ಬೆಂಗಳೂರು, ಮೈಸೂರಿನ ಹಳೆ ಬಡಾವಣೆಗಳಲ್ಲಿ ಇನ್ನೂ ಸಿಗುವಂಥ ಮಲಗುವ ಕೋಣೆ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಉತ್ತರ ಗೋಡೆಯಲ್ಲಿ 4×4 ಅಡಿಯ ಒಂದೇ ಕಿಟಕಿ, ಅದರ ಮೇಲೆ ಸಜ್ಜಾ. ಕೆಳಗೆ ಕೆಂಪು ಗಾರೆಯ ಅಂದರೆ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಒಂದು ಬೀಟೆ ಮಂಚ. ಸೀಲಿಂಗ್‌ಗೆ ಬಿಳಿ. ಗೋಡೆಗೆ ಬಂದು ನಿಂತಿರುವ ಪ್ರಶ್ನೆ ಎರಡೇ ಬಣ್ಣದ್ದು: ತೆಳು ಕ್ರೀಂ, ಇಲ್ಲವೇ ತೆಳು ಗ್ರೇ.

ಡಬ್ಬಿಯೊಳಗೆ ಏನಿದೆ

ಎರಡೂ ಬಣ್ಣಗಳ ತಳಹದಿ ಒಂದೇ, ಟೈಟಾನಿಯಂ ಡೈಆಕ್ಸೈಡ್ ತುಂಬಿದ ಬಿಳಿ ಬೇಸ್. ಅದಕ್ಕೆ ಮಷೀನು ಯೆಲ್ಲೋ ಆಕ್ಸೈಡಿನ ಕೆಲವು ಹನಿ ಬಿಟ್ಟರೆ ಕ್ರೀಂ. ಕಪ್ಪು ಬಿಟ್ಟರೆ ಗ್ರೇ. ಬಿಳಿಗೆ ಕಪ್ಪು ಬೆರೆಸಿದಾಗ ಹುಟ್ಟುವ ಗ್ರೇ ಸಾಮಾನ್ಯವಾಗಿ ನೀಲಿಯ ಕಡೆಗೇ ವಾಲುತ್ತದೆ. ಕಾರ್ಡಿನಲ್ಲಿ ‘ಕೂಲ್ ಗ್ರೇ’ ಜಾತಿಯವಕ್ಕೆ ಮೇಲಿಂದ ಒಂದೆರಡು ಹನಿ ನೀಲಿಯನ್ನೂ ಹಾಕುವುದುಂಟು. ‘ವಾರ್ಮ್ ಗ್ರೇ’ ಎನ್ನುವವಕ್ಕೆ ಕಪ್ಪಿನ ಜೊತೆಗೆ ಯೆಲ್ಲೋ ಆಕ್ಸೈಡ್ ಅಥವಾ ರೆಡ್ ಆಕ್ಸೈಡ್ ಬಿದ್ದಿರುತ್ತದೆ.

ಈ ಒಳಬಣ್ಣ ತೆಳು ಶೇಡಿನಲ್ಲಿ ಕಣ್ಣಿಗೆ ಸಿಗುವುದಿಲ್ಲ. ಅದನ್ನು ಹಿಡಿಯಲು ಸುಲಭದ ದಾರಿ ಎಂದರೆ ಕಾರ್ಡಿನ ಅದೇ ಸಾಲಿನಲ್ಲಿ ಅತಿ ಗಾಢವಾದ ಚೌಕವನ್ನು ನೋಡುವುದು. ಸಾಲಿನ ತುದಿಯ ಬಣ್ಣ ಮೋಡದ ನೀಲಿಯಾಗಿದ್ದರೆ ಮೇಲಿನ ತೆಳು ಗ್ರೇ ಕೂಡ ರೂಮಿನಲ್ಲಿ ನೀಲಿಯಾಗಿಯೇ ವರ್ತಿಸುತ್ತದೆ. ತುದಿ ಸಗಣಿ ಕಂದಾಗಿದ್ದರೆ ಅದು ವಾರ್ಮ್ ಗ್ರೇ. ಕ್ರೀಮಿನ ಸಾಲಿನ ತುದಿಯಲ್ಲಿ ಗೋಧಿ ಬಣ್ಣ ಇದ್ದರೆ ನೆಮ್ಮದಿ. ನಿಂಬೆ ಹಳದಿ ಇದ್ದರೆ ಆ ಸಾಲನ್ನೇ ಬಿಡಿ, ಟ್ಯೂಬ್‌ಲೈಟಿನಡಿ ಅದು ಹಸಿರಾಗುತ್ತದೆ. ಪಕ್ಕದಲ್ಲಿ ಒಂದು ಎ4 ಬಿಳಿ ಹಾಳೆ ಇಟ್ಟುಕೊಂಡು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ.

ಇನ್ನೊಂದು ಅಂಕಿ ಕೇಳಿ ತಿಳಿದುಕೊಳ್ಳಬೇಕು: ಎಲ್‌ಆರ್‌ವಿ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಬಣ್ಣ ವಾಪಸ್ ಕೊಡುತ್ತದೆ ಎಂಬ ಲೆಕ್ಕ; ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. ತೆಳು ಕ್ರೀಮಿನದು ಸಾಮಾನ್ಯವಾಗಿ 75ರ ಮೇಲೆ, ತೆಳು ಗ್ರೇಯದು 60ರ ಆಸುಪಾಸು. ಕೇಳಲು ಸಣ್ಣ ಅಂತರ. ಆದರೆ ಬೆಳಕು ಗೋಡೆಯಿಂದ ಗೋಡೆಗೆ ಹಲವು ಸಲ ಪುಟಿಯುವುದರಿಂದ ಪ್ರತಿ ಪುಟಿತಕ್ಕೂ ನಷ್ಟ ಬೆಳೆಯುತ್ತ ಹೋಗುತ್ತದೆ. ಮೇಲಿನ ಅಳತೆಯ ರೂಮಿಗೆ, ಕೆಂಪು ನೆಲ ಬೆಳಕಿನ ಬಹುಪಾಲನ್ನು ನುಂಗುತ್ತದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಹೀಗೆ ಪುಟಿದು ಬರುವ ಬೆಳಕು ಕ್ರೀಮಿಗಿಂತ ಗ್ರೇಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ. ಒಂದೇ ಕಿಟಕಿಯ ರೂಮಿನಲ್ಲಿ ಇದು ಹಗಲು ಹೊತ್ತಿನಲ್ಲೇ ಗೊತ್ತಾಗುತ್ತದೆ: ಮಂಚದ ಮೂಲೆಯಲ್ಲಿ ಕೂತು ಪೇಪರ್ ಓದಲು ನಾಲ್ಕೂವರೆಗೇ ಲೈಟ್ ಬೇಕಾಗುತ್ತದೆ.

ಉತ್ತರದ ಕಿಟಕಿ, ನಮ್ಮೂರಿನ ಬಿಸಿಲು

‘ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ, ಆದ್ದರಿಂದ ಬೆಚ್ಚನೆಯ ಬಣ್ಣವೇ ಆಗಬೇಕು’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಚಳಿ ದೇಶಗಳ ಮನೆಗಳಿಗೆ ಬರೆದದ್ದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಶೂನ್ಯ ನೆರಳಿನ ದಿನ ಬರುತ್ತದೆ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ನಡುಮಧ್ಯಾಹ್ನದ ಬಿಸಿಲನ್ನು ಸಜ್ಜಾ ತಡೆದೀತು. ಆದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ಸರಿದೇ ಆದ್ದರಿಂದ, ಮೇ ತಿಂಗಳ ಬೆಳಿಗ್ಗೆ ಏಳು ಗಂಟೆಗೆ, ಸಂಜೆ ಐದೂವರೆಗೆ ಓರೆ ಬಿಸಿಲು ಒಳಗೆ ಬಂದೇ ಬರುತ್ತದೆ, ಎದುರಿಗೆ ಮನೆಯೋ ಮರವೋ ಅಡ್ಡ ಇಲ್ಲದಿದ್ದರೆ.

ಇದರ ಪರಿಣಾಮ ಏನೆಂದರೆ, ದೀಪಾವಳಿಗೆ ಮುಂಚೆ ಬಣ್ಣ ಆರಿಸುವವರು ಕಿಟಕಿಯಲ್ಲಿ ನೋಡುವುದು ಬರೀ ಆಕಾಶದ ಬೆಳಕನ್ನು. ಅದು ನೀಲಿ ಮಿಶ್ರಿತ. ಆಗ ಕ್ರೀಂ ಸಪ್ಪೆಯಾಗಿ ಕಾಣುತ್ತದೆ, ‘ಇನ್ನೊಂದು ಶೇಡ್ ಗಾಢ ಇರಲಿ’ ಎನಿಸುತ್ತದೆ. ಹಾಗೆ ಗಾಢ ಮಾಡಿದ್ದು ಮೇ ಸಂಜೆ ಸಾಸಿವೆಯತ್ತ ಹೊರಡುತ್ತದೆ. ಬೇಸಿಗೆಯಲ್ಲಿ ಆರಿಸುವವರಿಗೆ ಇದರ ತಿರುವುಮುರುವು: ಓರೆ ಬಿಸಿಲಿನಲ್ಲಿ ಹದವಾಗಿ ಕಂಡ ಗ್ರೇ ಡಿಸೆಂಬರಿನಲ್ಲಿ ಚಳಿ ಹುಟ್ಟಿಸುತ್ತದೆ. ಆರಿಸುವಾಗ ಯಾವ ತಿಂಗಳಲ್ಲಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ನೆಲ ಗೋಡೆಗೆ ಹತ್ತುತ್ತದೆ

ರೆಡ್ ಆಕ್ಸೈಡ್ ನೆಲವಿರುವ ರೂಮಿನಲ್ಲಿ ಗ್ರೇ ಗೋಡೆ ಮಾಡುವ ಆಟ ನೋಡುವಂಥದ್ದು. ಬಿಸಿಲು ಬೀಳದ ಹೊತ್ತಿನಲ್ಲಿ, ದೊಡ್ಡ ಕೆಂಪು ಹರಹಿನ ಪಕ್ಕದಲ್ಲಿ ನಿಂತ ಗ್ರೇ ತುಸು ಹಸಿರು-ನೀಲಿಯಾಗಿ ಕಾಣುತ್ತದೆ. ಗೋಡೆ ಬದಲಾಗಿರುವುದಿಲ್ಲ, ಕೆಂಪನ್ನು ನೋಡಿ ದಣಿದ ಕಣ್ಣು ಪಕ್ಕದ ತಟಸ್ಥ ಬಣ್ಣದಲ್ಲಿ ಅದರ ವಿರುದ್ಧ ಬಣ್ಣವನ್ನು ಸೇರಿಸಿಕೊಳ್ಳುತ್ತದೆ. ಅದೇ ನೆಲದ ಮೇಲೆ ಒಂದು ಬಿಸಿಲಚ್ಚು ಬಿದ್ದರೆ ಕಥೆ ಉಲ್ಟಾ. ಈಗ ನೆಲದಿಂದ ಕೆಂಪು ಬೆಳಕು ಮೇಲಕ್ಕೆ ಪುಟಿದು ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಹತ್ತುತ್ತದೆ. ನೀಲಿ ಒಳಬಣ್ಣದ ಗ್ರೇ ಮೇಲೆ ಕೆಂಪು ಬಿದ್ದರೆ ತೆಳು ನೇರಳೆ. ಹಾಗಾಗಿ ಒಂದೇ ಗೋಡೆ, ಒಂದೇ ದಿನ, ಬುಡದಲ್ಲಿ ನೇರಳೆ, ಮೇಲೆ ಹಸಿರುಗಟ್ಟಿದ ಬೂದಿ. ಇದನ್ನು ಇಷ್ಟಪಡುವವರೂ ಇದ್ದಾರೆ. ಗೊತ್ತಿದ್ದು ಇಷ್ಟಪಟ್ಟರೆ ತಕರಾರಿಲ್ಲ.

ಕ್ರೀಂ ಗೋಡೆಗೂ ನೆಲದ ಕೆಂಪು ಹತ್ತುತ್ತದೆ. ಆದರೆ ಯೆಲ್ಲೋ ಆಕ್ಸೈಡೂ ರೆಡ್ ಆಕ್ಸೈಡೂ ಕಬ್ಬಿಣದ ಆಕ್ಸೈಡುಗಳೇ, ಒಂದೇ ಮನೆತನದವು. ಬುಡ ಸ್ವಲ್ಪ ಪೀಚ್ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಹೋದಂತೆ ಕ್ರೀಂ ಆಗುತ್ತದೆ, ನಡುವೆ ಗೆರೆ ಕಾಣುವುದಿಲ್ಲ. ತೇಗದ ಬಾಗಿಲಿಗೂ ಇದೇ ಮಾತು. ಗ್ರೇ ಪಕ್ಕದಲ್ಲಿ ಪಾಲಿಶ್ ಮಾಡಿದ ತೇಗ ಕಿತ್ತಳೆಯಾಗಿ ಎದ್ದು ಕಾಣುತ್ತದೆ. ಕ್ರೀಂ ಪಕ್ಕದಲ್ಲಿ ತನ್ನ ಪಾಡಿಗಿರುತ್ತದೆ. ಬೀಟೆ ಮಂಚ ಮಾತ್ರ ಎರಡರ ಮುಂದೆಯೂ ಚೆನ್ನ, ಅದರ ಕಪ್ಪುಗೆಂಪಿಗೆ ಯಾವ ಹಿನ್ನೆಲೆಯಾದರೂ ನಡೆಯುತ್ತದೆ.

ನೆಲ ಕೆಂಪು ಗಾರೆಯಲ್ಲದೆ ಬೂದು ಗ್ರಾನೈಟೋ ಕಡಪ ಕಲ್ಲೋ ಆಗಿದ್ದರೆ ಈ ಇಡೀ ವಾದ ಬಿದ್ದುಹೋಗುತ್ತದೆ. ಅಲ್ಲಿ ಗ್ರೇ ಗೋಡೆ ನೆಲದೊಂದಿಗೆ ಬೆರೆಯುತ್ತದೆ, ಕ್ರೀಂ ಗೋಡೆಯೇ ಹೊರಗಿನವನಂತೆ ನಿಲ್ಲುತ್ತದೆ. ಕ್ರೀಂ ಬಣ್ಣದ ವಿಟ್ರಿಫೈಡ್ ಟೈಲ್ ಹಾಕಿದ ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ತೊಡಕು: ಟೈಲಿನ ಕ್ರೀಮೂ ಗೋಡೆಯ ಕ್ರೀಮೂ ಬೇರೆ ಬೇರೆ, ಎರಡರಲ್ಲಿ ಒಂದು ಕೊಳೆಯಾದಂತೆ ಕಾಣುತ್ತದೆ. ಬಹುತೇಕ ಗೋಡೆಯೇ. ಅಲ್ಲಿ ವಾರ್ಮ್ ಗ್ರೇ ವಾಸಿ.

ಮೊದಲು ಬಲ್ಬ್, ಆಮೇಲೆ ಬಣ್ಣ

ಮಲಗುವ ಕೋಣೆಯನ್ನು ನಾವು ಹೆಚ್ಚು ನೋಡುವುದು ರಾತ್ರಿ. ಆದರೂ ಬಣ್ಣ ಆರಿಸುವುದು ಹಗಲು, ಅದೂ ಅಂಗಡಿಯಲ್ಲಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ‘ಕೂಲ್ ಡೇಲೈಟ್’ ಎಲ್‌ಇಡಿ ಬ್ಯಾಟನ್ (ಟ್ಯೂಬ್ ಆಕಾರದ ದೀಪ) 6500 ಕೆಲ್ವಿನ್. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಂತೆ ಬೆಳಕು ನೀಲಿಯತ್ತ, ಇಳಿದಂತೆ ಹಳದಿಯತ್ತ. ಇದರಡಿಯಲ್ಲಿ ನೀಲಿ ಒಳಬಣ್ಣದ ಗ್ರೇ ಪೂರ್ತಿ ನೀಲಿಗೆ ಹೋಗುತ್ತದೆ, ಕ್ರೀಮಿನ ಹಳದಿ ಸತ್ತು ಸುಣ್ಣ ಹೊಡೆದಂತಾಗುತ್ತದೆ. ‘ವಾರ್ಮ್ ವೈಟ್’ 2700ರಿಂದ 3000 ಕೆಲ್ವಿನ್ ಬಲ್ಬಿನಡಿ ಗ್ರೇ ತನ್ನ ನೀಲಿ ಕಳೆದುಕೊಂಡು ಕಂದು ಮಿಶ್ರಿತವಾಗುತ್ತದೆ, ಕ್ರೀಂ ಒಂದು ಶೇಡ್ ಗಾಢವಾಗುತ್ತದೆ. 4000 ಕೆಲ್ವಿನ್ ‘ನ್ಯೂಟ್ರಲ್ ವೈಟ್’ ನಡುವಿನದು, ಎರಡೂ ಬಣ್ಣಕ್ಕೆ ಅನ್ಯಾಯ ಮಾಡದ್ದು. ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಕೈಗೆ ಬರುವುದು 6500ರದ್ದೇ.

ಬಣ್ಣ ಬಳಿಸಿದ ಮೇಲೆ ಬಲ್ಬ್ ಬದಲಿಸುವವರು ಸರಿಯಾದ ಕೆಲಸವನ್ನು ತಪ್ಪು ಕ್ರಮದಲ್ಲಿ ಮಾಡುತ್ತಾರೆ. ಯಾವ ಬಲ್ಬ್ ಉಳಿಯುತ್ತದೋ ಅದನ್ನು ಮೊದಲು ಹಾಕಿ, ಅದರಡಿ ಬಣ್ಣ ನೋಡಬೇಕು. 20 ವಾಟ್ ಎಲ್‌ಇಡಿ ಬ್ಯಾಟನ್ ಕೊಡುವುದು ಸುಮಾರು 2000 ಲೂಮೆನ್ ಬೆಳಕು. ಈ ರೂಮಿಗೆ ಕ್ರೀಂ ಗೋಡೆಯಿದ್ದರೆ ಓಡಾಟಕ್ಕೆ ಅದು ಸಾಕು. ಗ್ರೇ ಆದರೆ ಜೊತೆಗೆ 9 ವಾಟಿನ ಇನ್ನೊಂದು ಬಲ್ಬ್ ಹಿಡಿಸುತ್ತದೆ. ಮನೆಯಲ್ಲಿ ವಯಸ್ಸಾದವರು ಆ ರೂಮಿನಲ್ಲಿ ಮಲಗುವುದಾದರೆ ಇದು ಸಣ್ಣ ಮಾತಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಬೆಳಕು ಜಾಸ್ತಿ ಬೇಕಾಗುತ್ತದೆ, ನೀಲಿ ಸರಿಯಾಗಿ ತಿಳಿಯುವುದಿಲ್ಲ. ಪೊರೆ ಆಪರೇಷನ್ ಆದವರಿಗೆ ಬಿಳಿಯೆಲ್ಲ ಇದ್ದಕ್ಕಿದ್ದಂತೆ ನೀಲಿಯಾಗಿ ಕಾಣುತ್ತದೆ. ಅಜ್ಜಿ ‘ನೀಲಿ ಬಳಿಸಿದ್ದೀರಲ್ಲೋ’ ಎಂದರೆ ಅವರ ಕಣ್ಣಿಗೆ ಅದು ನೀಲಿಯೇ.

ಸ್ಯಾಂಪಲ್ ನೋಡುವ ಕ್ರಮ

ಗೋಡೆಯ ಮೇಲೆ ಒಂದರ ಪಕ್ಕ ಒಂದು ಎರಡು ಪಟ್ಟೆ ಎಳೆದು ‘ಯಾವುದು ಚೆನ್ನಾಗಿದೆ’ ಎಂದು ಮನೆಯವರನ್ನೆಲ್ಲ ಕರೆಯುವುದು ರೂಢಿ. ಇದರಲ್ಲಿ ಎರಡು ದೋಷ. ಅಕ್ಕಪಕ್ಕ ಇಟ್ಟಾಗ ಕ್ರೀಂ ಗ್ರೇಯನ್ನು ಇನ್ನಷ್ಟು ನೀಲಿಗೆ ತಳ್ಳುತ್ತದೆ, ಗ್ರೇ ಕ್ರೀಮನ್ನು ಇನ್ನಷ್ಟು ಹಳದಿಗೆ. ಎರಡೂ ತಮ್ಮ ಅಸಲಿ ರೂಪದಲ್ಲಿರುವುದಿಲ್ಲ. ಜೊತೆಗೆ ಸುತ್ತ ಹಳೆ ಬಣ್ಣ ಉಳಿದಿರುತ್ತದೆ. ಹಳೆಯದು ತಿಳಿಹಸಿರಾಗಿದ್ದರೆ ಅದರ ನಡುವೆ ಇಟ್ಟ ಕ್ರೀಂ ಗುಲಾಬಿಯಾಗಿ ಕಾಣುತ್ತದೆ.

ಹಲಗೆಯ ಮೇಲೆ ಮಾಡುವುದು ಮೇಲು. 2×2 ಅಡಿಯ ನಾಲ್ಕು ಹಾರ್ಡ್‌ಬೋರ್ಡ್ ತುಂಡು, ಪ್ರತಿ ಬಣ್ಣಕ್ಕೆ ಎರಡರಂತೆ. ಹಾರ್ಡ್‌ಬೋರ್ಡ್ ಬೇಡವೆಂದರೆ ದಪ್ಪ ಡ್ರಾಯಿಂಗ್ ಶೀಟೂ ಆದೀತು, ಒಣಗುವಾಗ ಸುರುಳಿಯಾಗದಂತೆ ಅಂಚಿಗೆ ಟೇಪ್ ಹಚ್ಚಬೇಕು. ಮೊದಲು ವಾಟರ್ ಬೇಸ್ ಪ್ರೈಮರ್ ಒಂದು ಕೋಟ್. ಆಮೇಲೆ ಬಣ್ಣ ಎರಡು ಕೋಟ್, ನಡುವೆ ನಾಲ್ಕರಿಂದ ಆರು ಗಂಟೆ ಬಿಡುವು. ಬ್ರಷ್ಷಿನಲ್ಲಿ ಬಳಿದ ಸ್ಯಾಂಪಲ್ಲೂ ರೋಲರಿನಲ್ಲಿ ಬಳಿದ ಗೋಡೆಯೂ ಒಂದೇ ಥರ ಕಾಣುವುದಿಲ್ಲ, ಆದ್ದರಿಂದ ಗೋಡೆಗೆ ರೋಲರ್ ಬಳಸುವುದಾದರೆ ಸ್ಯಾಂಪಲ್ಲಿಗೂ ಸಣ್ಣ ರೋಲರ್. ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಹಸಿಯಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿರುತ್ತದೆ, ಒಣಗಿದಂತೆ ಗಾಢವಾಗುತ್ತದೆ. ಒಂದು ರಾತ್ರಿ ಕಳೆಯದೆ ತೀರ್ಮಾನ ಬೇಡ. ಮಳೆಗಾಲದಲ್ಲಿ ಎರಡು.

ಸ್ಯಾಂಪಲ್ ಡಬ್ಬಿ ತರುವಾಗ ಒಂದು ಎಚ್ಚರ. ಗೋಡೆಗೆ ಯಾವ ದರ್ಜೆಯ ಎಮಲ್ಷನ್ ಬಳಿಸುತ್ತೀರೋ ಅದರಲ್ಲೇ ಮಿಕ್ಸ್ ಮಾಡಿಸಿ. ಶೇಡ್ ನಂಬರ್ ಒಂದೇ ಆದರೂ ಅಗ್ಗದ ಎಮಲ್ಷನ್ನಿನ ಬೇಸ್ ಬೇರೆ, ದುಬಾರಿಯದರ ಬೇಸ್ ಬೇರೆ, ಮಷೀನಿನ ಫಾರ್ಮುಲಾವೂ ಬೇರೆ. ತೆಳು ಬಣ್ಣಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿರುತ್ತದೆ. ಚಿಕ್ಕ ಸ್ಯಾಂಪಲ್ ಡಬ್ಬಿ ಸಿಗದಿದ್ದರೆ ಒಂದೊಂದು ಲೀಟರ್ ತರಬೇಕಾಗುತ್ತದೆ. ಗೆದ್ದ ಬಣ್ಣದ ಲೀಟರ್ ಹೇಗೂ ಗೋಡೆಗೆ ಸೇರುತ್ತದೆ, ಸೋತದ್ದು ಸ್ಟೋರ್ ರೂಮಿನ ಗೋಡೆಗೆ.

ಒಣಗಿದ ಮೇಲೆ ಒಂದೇ ಬಣ್ಣದ ಎರಡು ಹಲಗೆಗಳನ್ನು ರೂಮಿನ ಮೂಲೆಯಲ್ಲಿ, ಒಂದು ಈ ಗೋಡೆಗೆ ಒಂದು ಆ ಗೋಡೆಗೆ ಒರಗಿಸಿ, ಪುಸ್ತಕ ತೆರೆದಿಟ್ಟಂತೆ ನಿಲ್ಲಿಸಿ. ಮೂಲೆಯ ಒಳಭಾಗವನ್ನು ನೋಡಿ. ಎರಡು ಹಲಗೆಗಳು ಒಂದಕ್ಕೊಂದು ಬಣ್ಣ ಎರಚಿಕೊಂಡು ಮೂಲೆಯಲ್ಲಿ ಬಣ್ಣ ಗಟ್ಟಿಯಾಗಿರುತ್ತದೆ. ನಾಲ್ಕೂ ಗೋಡೆ ಬಳಿದಾಗ ಇಡೀ ರೂಮು ಹತ್ತಿರ ಹತ್ತಿರ ಹಾಗಿರುತ್ತದೆ. ಕ್ರೀಮಿನಲ್ಲಿ ಇದು ಗ್ರೇಗಿಂತ ಜಾಸ್ತಿ, ಅದಕ್ಕೇ ಕ್ರೀಂ ಜಾತಿಯ ಬಣ್ಣಗಳಲ್ಲಿ ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನು ಆರಿಸುವುದು ಕ್ಷೇಮ. ಬುಡ ನೆಲಕ್ಕೆ ತಾಗಿರಲಿ, ಕೆಂಪು ಎಷ್ಟು ಹತ್ತುತ್ತದೆ ಎಂದು ಆಗಲೇ ಗೊತ್ತಾಗುವುದು. ಇನ್ನೊಂದು ಬಣ್ಣದ ಹಲಗೆ ಆ ಹೊತ್ತಿಗೆ ರೂಮಿನಲ್ಲೇ ಇರಕೂಡದು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ದೀಪ ಹಾಕಿದ ಮೇಲೆ ರಾತ್ರಿ ಎಂಟಕ್ಕೆ ನೋಡಿ, ಮರುದಿನ ಇನ್ನೊಂದು ಬಣ್ಣದ ಜೋಡಿ.

ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ಓಟು ಕೇಳುವುದರಿಂದ ಏನೂ ಗಿಟ್ಟುವುದಿಲ್ಲ. ಫೋನಿನ ಕ್ಯಾಮೆರಾ ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸುತ್ತದೆ. ಕ್ರೀಮನ್ನು ಬಿಳಿ ಮಾಡುತ್ತದೆ, ಗ್ರೇಯನ್ನು ಮನಸ್ಸು ಬಂದಂತೆ ಮಾಡುತ್ತದೆ. ದೂರದಲ್ಲಿರುವ ಮಗಳಿಗೆ ತೋರಿಸಲೇಬೇಕು ಎಂದಿದ್ದರೆ ಹಲಗೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು ಎರಡೂ ಬೀಳುವಂತೆ ತೆಗೆಯಿರಿ, ಹೋಲಿಸಲಾದರೂ ಒಂದು ಆಧಾರ ಇರುತ್ತದೆ.

ಬಳಿಯುವಾಗ ಎರಡರ ಸ್ವಭಾವ

ಮುಚ್ಚುವ ಶಕ್ತಿಯಲ್ಲಿ ಗ್ರೇ ಮುಂದೆ. ಅದರಲ್ಲಿರುವ ಕಪ್ಪು ಬೆಳಕನ್ನು ಹೀರಿಕೊಳ್ಳುವುದರಿಂದ ಕೆಳಗಿನ ಕಲೆ, ಪುಟ್ಟಿಯ ತೇಪೆ ಎರಡೇ ಕೋಟಿಗೆ ಮುಚ್ಚಿಹೋಗುತ್ತವೆ. ಕ್ರೀಂ ಹಳೆಯ ಗಾಢ ಬಣ್ಣದ ಮೇಲೆ ಬಂದರೆ ಎರಡನೇ ಕೋಟಿನ ನಂತರವೂ ಕೆಳಗಿನದು ಇಣುಕುತ್ತದೆ, ಮೂರನೆಯದು ಬೇಕಾಗುತ್ತದೆ. ‘ಎರಡು ಕೋಟಲ್ಲಿ ಮುಗಿಸ್ತೀನಿ ಸಾರ್’ ಎಂದ ಪೇಂಟರ್ ಆ ಹೊತ್ತಿಗೆ ಬಣ್ಣವನ್ನು ತೆಳ್ಳಗೆ ಮಾಡಿ ಎಳೆಯತೊಡಗಿದರೆ ಕೆಲಸ ಕೆಟ್ಟಿತು. ನೀರಿನ ಪ್ರಮಾಣ ಡಬ್ಬಿಯ ಮೇಲೆ ಬರೆದಿರುತ್ತದೆ, ಅಳತೆಯ ಜಗ್ಗಿನಲ್ಲೇ ಹಾಕಲಿ.

ಲೆಕ್ಕ ಹೀಗೆ. ಗೋಡೆಯ ಸುತ್ತಳತೆ 44 ಅಡಿ, ಎತ್ತರ 10, ಒಟ್ಟು 440 ಚದರ ಅಡಿ. 7×3 ಅಡಿಯ ಬಾಗಿಲಿಗೆ 21, ಕಿಟಕಿಗೆ 16 ಕಳೆದರೆ 403. ನುಣುಪಾದ ಗೋಡೆಯಲ್ಲಿ ಒಳ್ಳೆ ದರ್ಜೆಯ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ 120ರಿಂದ 140 ಚದರ ಅಡಿ ಬರುತ್ತದೆ, ಅಂದರೆ ಮೂರರಿಂದ ಮೂರೂವರೆ ಲೀಟರ್. ನಾಲ್ಕು ಲೀಟರಿನ ಒಂದೇ ಡಬ್ಬಿ ತಂದರೆ ಗ್ರೇಗೆ ತೇಪೆ ಕೆಲಸಕ್ಕೂ ಉಳಿಯುತ್ತದೆ. ಕ್ರೀಮಿಗೆ ಮೂರನೇ ಕೋಟ್ ಬಂದರೆ ಇನ್ನೊಂದು ಲೀಟರ್ ಬೇಕು. ನಾಲ್ಕು ಬಿಡಿ ಲೀಟರ್ ತರುವುದು ಬೇಡವೇ ಬೇಡ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಗೋಡೆಯ ನಡುವೆ ಸೇರಿಸಿದ ಜಾಗ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ಇದ್ದರೆ ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು ಕಲಸಿಕೊಂಡೇ ಶುರು ಮಾಡಬೇಕು.

ಹಳೆ ಮನೆಯಾದ್ದರಿಂದ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ: ಗೋಡೆಗೆ ಅಂಗೈ ಉಜ್ಜಿ ನೋಡಿ. ಬಿಳಿ ಹುಡಿ ಕೈಗೆ ಹತ್ತಿದರೆ ಕೆಳಗಿರುವುದು ಸುಣ್ಣ ಅಥವಾ ಪುಡಿ ಡಿಸ್ಟೆಂಪರ್. ಅದರ ಮೇಲೆ ಎಮಲ್ಷನ್ ಬಳಿದರೆ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ, ಕ್ರೀಮಾದರೂ ಅಷ್ಟೆ, ಗ್ರೇಯಾದರೂ ಅಷ್ಟೆ. ಹೆರೆದು, ತೊಳೆದು, ಒಣಗಿಸಿ, ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್.

ಹೊಳಪಿನ ವಿಚಾರದಲ್ಲಿ ನನ್ನ ಪಕ್ಷಪಾತ ಹೊಳಪಿಲ್ಲದ ಮ್ಯಾಟ್ ಕಡೆಗೆ, ಅದರಲ್ಲೂ ಗ್ರೇ ಬಳಿಸುವುದಾದರೆ. ಹಳೆ ಗೋಡೆಗಳು ಸಪಾಟಾಗಿರುವುದಿಲ್ಲ. ಕಿಟಕಿಯಿರುವ ಗೋಡೆಗೆ ತಾಗಿದ ಪೂರ್ವ, ಪಶ್ಚಿಮ ಗೋಡೆಗಳ ಮೇಲೆ ಬೆಳಕು ಸವರಿಕೊಂಡು ಹೋಗುತ್ತದೆ, ಆಗ ಹೊಳಪಿನ ಬಣ್ಣದಲ್ಲಿ ಪುಟ್ಟಿಯ ಪ್ರತಿ ಉಬ್ಬು ತಗ್ಗೂ ಎದ್ದು ಕಾಣುತ್ತದೆ. ಪ್ರೈಮರ್ ಹಂತದಲ್ಲೇ ಕತ್ತಲಲ್ಲಿ ಒಂದು ಬಲ್ಬನ್ನು ಗೋಡೆಗೆ ಒತ್ತಿ ಹಿಡಿದು ನೋಡಿ, ಉಬ್ಬಿದ್ದಲ್ಲಿ ಪೆನ್ಸಿಲ್ ಗುರುತು ಹಾಕಿ ಉಜ್ಜಿಸಿದರೆ ಅರ್ಧ ಜಗಳ ತಪ್ಪುತ್ತದೆ. ಗ್ರೇಯಲ್ಲಿ ಇನ್ನೊಂದು ಕಾಟ: ಸೀಲಿಂಗಿನ ಅಂಚು, ಸ್ವಿಚ್ ಬೋರ್ಡಿನ ಸುತ್ತ ಬ್ರಷ್ಷಿನಲ್ಲಿ ಬಳಿದ ಪಟ್ಟಿ ರೋಲರ್ ಜಾಗಕ್ಕಿಂತ ಗಾಢವಾಗಿ ಚೌಕಟ್ಟಿನಂತೆ ಉಳಿದುಬಿಡುತ್ತದೆ. ಅಂಚು ಹಸಿಯಿರುವಾಗಲೇ ರೋಲರನ್ನು ಅದರ ಮೇಲೆ ಎರಡು ಇಂಚು ಹತ್ತಿಸಿದರೆ ಆ ಚೌಕಟ್ಟು ಬರುವುದಿಲ್ಲ. ಕ್ರೀಮಿನಲ್ಲೂ ಆಗುತ್ತದೆ, ಕಾಣುವುದು ಕಡಿಮೆ.

ಸೀಲಿಂಗ್‌ಗೆ ಅಚ್ಚ ಬಿಳಿ ಹೊಡೆಸಿದರೆ ಗ್ರೇ ಗೋಡೆಗೆ ಒಪ್ಪುತ್ತದೆ. ಕ್ರೀಂ ಗೋಡೆ ಮಾತ್ರ ಅದರ ಕೆಳಗೆ ಹಳೆಯದಾದಂತೆ ಕಾಣುತ್ತದೆ. ಅದಕ್ಕೆ ಬಿಳಿಗೆ ಅದೇ ಕ್ರೀಮನ್ನು ನಾಲ್ಕಕ್ಕೆ ಒಂದು ಪಾಲು ಬೆರೆಸಿ ಸೀಲಿಂಗ್‌ಗೆ ಹೊಡೆಸಿ. ಎರಡೂ ಒಂದೇ ಜಾತಿಯ ಎಮಲ್ಷನ್ ಆಗಿರಬೇಕು. ಕಿಟಕಿ ಚೌಕಟ್ಟಿಗೆ ಬಿಳಿ ಆಯಿಲ್ ಎನಾಮೆಲ್ ಇದ್ದರೆ ಅದು ಒಂದೆರಡು ವರ್ಷದಲ್ಲಿ ಹಳದಿಗಟ್ಟುತ್ತದೆ, ಬೆಳಕು ಕಡಿಮೆ ಇದ್ದಲ್ಲಿ ಬೇಗ. ಕ್ರೀಂ ಪಕ್ಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗ್ರೇ ಪಕ್ಕದಲ್ಲಿ ಹಲ್ಲಿನ ಪಾಚಿಯಂತೆ ಕಾಣುತ್ತದೆ. ಗ್ರೇ ಆರಿಸಿದವರು ಚೌಕಟ್ಟಿಗೆ ವಾಟರ್ ಬೇಸ್ ಎನಾಮೆಲ್ ಹೊಡೆಸುವುದು ಒಳಿತು.

ಐದು ವರ್ಷ ಇಟ್ಟುಕೊಂಡರೆ

ಕೆಮ್ಮಣ್ಣಿನ ಧೂಳನ್ನು ಕ್ರೀಂ ಮರೆಸುತ್ತದೆ, ಗ್ರೇ ತೋರಿಸುತ್ತದೆ. ಊದುಬತ್ತಿ, ದೀಪದ ಮಸಿಯನ್ನು ಗ್ರೇ ಮರೆಸುತ್ತದೆ, ಕ್ರೀಂ ತೋರಿಸುತ್ತದೆ. ಮಂಚದ ತಲೆಭಾಗದಲ್ಲಿ ಗೋಡೆಗೆ ಒರಗಿ ಕೂತಾಗ ಆಗುವ ಎಣ್ಣೆ ಜಿಡ್ಡಿನ ಕಲೆ ಎರಡರಲ್ಲೂ ಕಾಣುತ್ತದೆ. ಅಲ್ಲಿಗೆ ತೊಳೆಯಬಹುದಾದ ದರ್ಜೆಯ ಬಣ್ಣ ಅಥವಾ ಒಂದು ಹಲಗೆ, ಬೇರೆ ಉಪಾಯವಿಲ್ಲ. ತೇವದ ಗೋಡೆ ಉಪ್ಪು ಬಿಟ್ಟರೆ ಆ ಬಿಳಿ ಪುಡಿ ಗ್ರೇ ಮೇಲೆ ಮೊದಲ ದಿನವೇ ಕಾಣುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಕ್ರೀಂ ಮೇಲೆ ಬೇಗ ಕಾಣುತ್ತದೆ, ಗ್ರೇ ಮೇಲೆ ತಡವಾಗಿ. ಬೇಗ ಕಾಣುವುದೇ ಒಳ್ಳೆಯದು, ಹರಡುವ ಮೊದಲು ಒರೆಸಬಹುದು.

ಈ ರೂಮಿಗೆ, ಈ ನೆಲಕ್ಕೆ ನನ್ನ ಆಯ್ಕೆ ಕ್ರೀಂ: ಗೋಧಿ ಒಳಬಣ್ಣದ್ದು, ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ, ಮ್ಯಾಟ್, ಜೊತೆಗೆ 4000 ಕೆಲ್ವಿನ್ ಬ್ಯಾಟನ್. 3000ದ ಬಲ್ಬೇ ಬೇಕೆನ್ನುವವರು ಇನ್ನೂ ಒಂದು ಮೆಟ್ಟಿಲು ತಿಳಿಗೆ ಹೋಗಬೇಕು. ಗ್ರೇ ಮೇಲೆಯೇ ಮನಸ್ಸಿದ್ದರೆ ಕೂಲ್ ಗ್ರೇ ಕೈಬಿಟ್ಟು, ಎಲ್‌ಆರ್‌ವಿ 65ಕ್ಕಿಂತ ಮೇಲಿರುವ ವಾರ್ಮ್ ಗ್ರೇ ಹಲಗೆ ಮಾಡಿ ನೋಡಬಹುದು. ಕಿಟಕಿ ಪಶ್ಚಿಮಕ್ಕಿದ್ದು ನೆಲ ಬೂದು ಕಲ್ಲಿನದಾಗಿದ್ದರೆ ನಾನೇ ಕೂಲ್ ಗ್ರೇ ಹೇಳುತ್ತಿದ್ದೆ.

ಕೆಲಸ ಮುಗಿದ ಮೇಲೆ ಅರ್ಧ ಲೀಟರಾದರೂ ಉಳಿಸಿಕೊಳ್ಳಿ, ನೀರು ಬೆರೆಸದ್ದು. ಗಾಳಿ ಜಾಗ ಕಡಿಮೆಯಿರುವ ಚಿಕ್ಕ ಡಬ್ಬಿಗೆ ಸುರಿದು, ಶೇಡ್ ನಂಬರ್, ಎಮಲ್ಷನ್ನಿನ ಹೆಸರು, ಬೇಸ್, ಬ್ಯಾಚ್ ನಂಬರ್, ಬಳಿದ ತಿಂಗಳು ಬರೆದಿಡಿ. ಬರೆಯುವುದು ಡಬ್ಬಿಯ ಮೈಮೇಲೆ. ಮುಚ್ಚಳದ ಮೇಲೆ ಬರೆದರೆ, ಅಟ್ಟದಲ್ಲಿ ಮುಚ್ಚಳಗಳು ಅದಲು ಬದಲಾಗುತ್ತವೆ.